ಎಣ್ಣೆ ಯಾರ ಕಾಲಿಗೆ ಹತ್ತಿತು?

ನನ್ನ ಮೊಮ್ಮಗಳ ಪ್ರಶ್ನೆ ಪಾಸಾಯಿತು. ಪರೀಕ್ಷೆಯಲ್ಲಿ ಉತ್ತರ ಪಾಸಾಗುವುದು ನನಗೆ ಗೊತ್ತಿತ್ತು. ಪ್ರಶ್ನೆಯೇ ಪಾಸಾಗಬೇಕು, ಅದಕ್ಕೂ ಒಬ್ಬರು ಮೇಡಂ ಸಹಿ ಹಾಕಬೇಕು ಎಂಬುದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ನವ್ಯಾ ಶಿವಮೊಗ್ಗದಿಂದ ಫೋನ್ ಮಾಡಿದಾಗ ನಾನು ಹಾಲಿನ ಡೈರಿಯ ಸಾಲಿನಲ್ಲಿ ನಿಂತಿದ್ದೆ. ಕ್ಯಾನು ಕೆಳಗಿಟ್ಟು, "ಒಪ್ಪಿದ್ರಂತೆ, ಒಪ್ಪಿದ್ರಂತೆ" ಎಂದು ಕೂಗಿಬಿಟ್ಟೆ.

"ಎಂತ ತಿಮ್ಮಪ್ಪಣ್ಣ, ಮೊಮ್ಮಗಳ ಮದುವೆ ಗೊತ್ತಾಯ್ತಾ?" ಎಂದ ಡೈರಿಯವನು.

"ಅದಕ್ಕಿಂತ ದೊಡ್ಡದು ಮಾರಾಯ. ಅವಳ ಪ್ರಶ್ನೆ ಒಪ್ಪಿದ್ರು!"

ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮುದುಕನಿಗೆ ಬಿಸಿಲು ಹೊಡೆದಿದೆ ಎಂದುಕೊಂಡಿರಬೇಕು. ಹೇಳಿದರೆ ಬಿಡಿಸಿ ಹೇಳಬೇಕು. ಬಿಡಿಸಿ ಹೇಳಿದರೆ ಮೂವತ್ತು ವರ್ಷದ ಹೆದರಿಕೆಯನ್ನೆಲ್ಲ ಹೇಳಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬರೆ ಎಂದವಳೂ ನವ್ಯಾಳೇ. ಮಂಗನ ಕಾಯಿಲೆಯ ಕೆಲಸಕ್ಕೆ ಹೊಸದಾಗಿ ಸೇರುವವರು, ನರ್ಸಿಂಗ್ ಓದುತ್ತಾ ತರಬೇತಿಗೆಂದು ನಮ್ಮ ಕಡೆಯ ಆಸ್ಪತ್ರೆಗಳಿಗೆ ಬರುವ ಹುಡುಗಿಯರು ಓದಲಿ ಎಂದು ಅವಳ ಆಸೆ. ಕಾಗುಣಿತ ಅವಳು ತಿದ್ದಿದ್ದಾಳೆ. ಮಾತು ನನ್ನದೇ.

ನನ್ನ ಕೆಲಸ ಏನೆಂದು ಕೇಳಿದರೆ ನನ್ನ ಹೆಂಡತಿ "ಕಾಡಲ್ಲಿ ಬಟ್ಟೆ ಎಳೆಯೋದು" ಎನ್ನುತ್ತಿದ್ದಳು. ಅದು ಸರಿಯೇ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನ ಕಾಡಂಚಿನಲ್ಲಿ ಒಂದು ಬಿಳಿ ಫ್ಲಾನಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಒಣಗಿ ಬಿದ್ದ ಎಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಎಲೆಯ ತುದಿಯಲ್ಲಿ ಕಾಲು ಚಾಚಿ ಕಾಯುತ್ತಿರುವ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಬಟ್ಟೆಗೆ ಹತ್ತುತ್ತದೆ. ಹತ್ತು ಹೆಜ್ಜೆಗೊಮ್ಮೆ ಬಟ್ಟೆ ತಿರುಗಿಸಿ, ಎಳ್ಳಿನ ಕಾಳಿಗಿಂತ ಸಣ್ಣದಿರುವ ಆ ಹುಳವನ್ನು ಚಿಮುಟದಲ್ಲಿ ಹಿಡಿದು ಸೀಸೆಗೆ ಹಾಕಬೇಕು. ಸೀಸೆಗೆ ಜಾಗದ ಹೆಸರು ಬರೆದು ಅಂಟಿಸಿ ಕಳಿಸಿದರೆ, ಅದರಲ್ಲಿ ಮಂಗನ ಕಾಯಿಲೆಯ ವಿಷ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ಹೇಳುತ್ತಾರೆ. ಮಳೆ ಮುಗಿದು ಎಲೆ ಉದುರುವುದಕ್ಕೆ ಶುರುವಾದರೆ ನಮ್ಮ ಕೆಲಸದ ಕಾಲ. ಮತ್ತೆ ಮಳೆ ಬೀಳುವವರೆಗೆ ಪ್ರತಿದಿನ ಹೆದರಿಕೆ.

ನನಗೆ ಕೆಲಸ ಕಲಿಸಿದವರು ಸೂಪರ್‌ವೈಸರ್ ವಾಮನರಾಯರು. ಕುಳ್ಳಗಿನ ಮನುಷ್ಯ, ಬಾಯಿ ತುಂಬ ಎಲೆಅಡಿಕೆ. ಮೊದಲ ದಿನ ನನ್ನ ಕೈಗೆ ಸಾಮಾನು ಕೊಡುತ್ತಾ ಎಣಿಸಿದರು. "ಬಟ್ಟೆ, ಕೋಲು, ಚಿಮುಟ, ಸೀಸೆ, ಹೆದ್ರಿಕೆ. ಐದೂ ದಿನಾ ತಗಂಡು ಬರ್ಬೇಕು. ಒಂದು ಮರ್ತು ಬಂದ್ರೂ ಮನೆಗೆ ಕಳಿಸ್ತೀನಿ."

ಐದನೆಯದನ್ನು ನಾನು ತಿಂಗಳೊಳಗೇ ಮರೆತೆ. ಕೆಳದಿಯ ಆಚೆ ಒಂದು ಗುಡ್ಡದಲ್ಲಿ ಬೆಳಗಿನಿಂದ ಬಟ್ಟೆ ಎಳೆದು ಸುಸ್ತಾಗಿ ಬಂಡೆಯ ಮೇಲೆ ಕೂತಿದ್ದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೈಯಲ್ಲಿದ್ದ ಬಟ್ಟೆಯಿಂದ ಮುಖ, ಕುತ್ತಿಗೆ ಎಲ್ಲ ಚೆನ್ನಾಗಿ ಒರೆಸಿಕೊಂಡೆ. ಅದು ಉಣುಗಿನ ಬಟ್ಟೆ!

"ಹೇಯ್ ತಿಮ್ಮಪ್ಪಾ! ಎಂತ ಮಾಡ್ದೆ ಮಾರಾಯ ನೀನು!" ವಾಮನರಾಯರು ಎಲೆಅಡಿಕೆ ಉಗಿದು ಓಡಿ ಬಂದರು. ನನ್ನ ತಲೆಯನ್ನು ಬಗ್ಗಿಸಿ, ಕೂದಲು ಸೀಳಿ, ಕಿವಿ ಮಡಚಿ ಹುಡುಕಿದರು. ಎಡಗಿವಿಯ ಹಿಂದೆ ಒಂದು ಸಿಕ್ಕಿತು. ಅದನ್ನೂ ಚಿಮುಟದಲ್ಲಿ ಹಿಡಿದು ಸೀಸೆಗೆ ಹಾಕಿದರು. ಚೀಟಿಯಲ್ಲಿ ಜಾಗದ ಹೆಸರು ಬರೆಯುವಲ್ಲಿ "ತಿಮ್ಮಪ್ಪನ ಕಿವಿ" ಎಂದು ಬರೆದರು. ಜೊತೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕಚ್ಚಿದ್ದರೆ ಎಂಟು ದಿನದೊಳಗೆ ಜ್ವರ ಬರುತ್ತದೆ ಎಂದು ಅವರೇ ಕಲಿಸಿದ್ದರು. ಆ ಎಂಟು ದಿನ ಬೆಳಗ್ಗೆ ಎದ್ದ ಕೂಡಲೇ ಕನ್ನಡಿಯಲ್ಲಿ ಕಣ್ಣು ಕೆಂಪಾಗಿದೆಯಾ ಎಂದು ನೋಡುತ್ತಿದ್ದೆ. ಸುಮ್ಮನೆ ತಲೆ ತುರಿಸಿದರೂ ತಲೆನೋವು ಬಂತು ಅನ್ನಿಸುತ್ತಿತ್ತು. ಸಿಗಂದೂರಿನ ಅಮ್ಮನಿಗೆ ಹರಕೆ ಹೊತ್ತೆ. ಒಂಬತ್ತನೇ ದಿನ ಹಿನ್ನೀರು ದಾಟುವ ಲಾಂಚ್ ಹತ್ತಿ ಹೋಗಿ ಕೈ ಮುಗಿದು ಬಂದೆ. ಅಲ್ಲಿಂದ ಮುಂದೆ ನಿವೃತ್ತಿಯ ದಿನದವರೆಗೂ ಐದು ಸಾಮಾನನ್ನೂ ಮರೆಯಲಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಅದು ಸುಳ್ಳು. ಯಾಕೆ ಸುಳ್ಳು ಎಂಬುದು ಮುಂದೆ ಬರುತ್ತದೆ.

ವಾಮನರಾಯರಿಂದ ಕಲಿತ ಇನ್ನೊಂದು ವಿದ್ಯೆ ಕೇಳುವ ವಿದ್ಯೆ. ತೀರ್ಥಹಳ್ಳಿ ಕಡೆಯ ಒಂದೂರಿನಲ್ಲಿ ಮಂಗ ಸತ್ತಿದೆ ಎಂದು ಸುದ್ದಿ ಬಂತು. ಮಂಗ ಸತ್ತರೆ ನಾವು ಆ ಜಾಗಕ್ಕೆ ಓಡಬೇಕು. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಲಿನ ಎಲೆಗೆಲ್ಲ ಹರಡುತ್ತದೆ. ನಾವು ಹೋಗಿ ನೋಡಿದರೆ ಊರವರು ಮಂಗನನ್ನು ಮಣೆಯ ಮೇಲೆ ಕೂರಿಸಿ, ಸ್ನಾನ ಮಾಡಿಸಿ, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿದ್ದಾರೆ. ಮಣ್ಣು ಮಾಡಲು ಗುಂಡಿಯೂ ತೆಗೆದಾಗಿದೆ.

"ಯಾರ್ರೀ ಇದನ್ನ ಮುಟ್ಟಿದ್ದು?" ಎಂದು ಗದರಿಸಿದೆ.

ಎಲ್ಲರ ಕೈಯೂ ಬೆನ್ನ ಹಿಂದೆ ಹೋಯಿತು. ಒಬ್ಬರೂ ಮುಟ್ಟಿಲ್ಲವಂತೆ. ಮಂಗ ತಾನೇ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಹಾರ ಹಾಕಿಕೊಂಡು ಸತ್ತಿದೆ!

ವಾಮನರಾಯರು ನನ್ನನ್ನು ಹಿಂದಕ್ಕೆ ತಳ್ಳಿದರು. ದೂರದಿಂದಲೇ ಕೈ ಮುಗಿದು, "ಹಾರ ಚೆಂದ ಕಟ್ಟಿದೀರಿ. ಯಾರ ಕೈ ಕೆಲ್ಸ?" ಎಂದರು.

"ನಮ್ಮ ಸೊಸೆದು" ಎಂದಳು ಒಬ್ಬ ಮುದುಕಿ.

"ಅಷ್ಟು ದೂರದಿಂದ ಹೊತ್ತು ತರೋಕೆ ಒಬ್ರಿಗೆ ಆಗೂದಿಲ್ಲ ಬಿಡಿ."

"ಮೂರು ಜನ ಹೊತ್ವಿ. ರಾಮನ ಬಂಟ ಅಲ್ವ್ರಾ, ಹಂಗೇ ಬಿಡೋಕಾಗ್ತದಾ?" ಎಂದ ಹಿಂದೆ ನಿಂತಿದ್ದ ಒಬ್ಬ.

ಐದು ನಿಮಿಷದಲ್ಲಿ ಮುಟ್ಟಿದವರ ಹೆಸರೆಲ್ಲ ಸಿಕ್ಕಿತು. ಅವರನ್ನು ಬಿಸಿನೀರಲ್ಲಿ ಸೋಪು ಹಚ್ಚಿ ಮೀಯಿಸಿ, ಬಟ್ಟೆ ಕುದಿಸಿ, ಎಂಟು ದಿನ ದಿನಾ ಹೋಗಿ ಹಣೆ ಮುಟ್ಟಿ ನೋಡಿದೆವು. ಯಾರಿಗೂ ಏನೂ ಆಗಲಿಲ್ಲ. ಆ ಮೊದಲ ದಿನ ವಾಪಸು ಬರುವಾಗ ಜೀಪಿನಲ್ಲಿ ವಾಮನರಾಯರು ಹೇಳಿದರು. "ನೀನು ಕೇಳಿದ್ದರಲ್ಲಿ ಬೈಗುಳ ಇತ್ತು. ಬೈಗುಳಕ್ಕೆ ಜನ ಇಲ್ಲ ಅಂತಾರೆ. ಕೇಳೋ ಮುಂಚೆ ನಿನ್ನ ಮನಸಲ್ಲಿರೋ ಬೈಗುಳ ತೆಗ್ದು ಆಚೆ ಇಡು."

ಮೈಗೆ ಹಚ್ಚುವ ಎಣ್ಣೆ ಬಂದ ಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಕಾಡಿಗೆ ಹೋಗುವವರು ಕೈಕಾಲಿಗೆ ಆ ಎಣ್ಣೆ ಹಚ್ಚಿಕೊಂಡರೆ ಕೆಲವು ತಾಸು ಉಣುಗು ಹತ್ತುವುದಿಲ್ಲ. ವಾಸನೆ ಮಾತ್ರ ಘಾಟು. ವಾಮನರಾಯರು ಎಣ್ಣೆ ಹಂಚಿದ ಮೇಲೆ ಒಂದು ದಿನ ಹೇಳದೆ ಕೇಳದೆ ಹೋಗಿ, ಕಾಡಿಗೆ ಹೊರಟವರ ಕಾಲ ಬಳಿ ಬಗ್ಗಿ ಮೂಸುತ್ತಿದ್ದರು. ನಮಗೂ ಮೂಸಿಸುತ್ತಿದ್ದರು. "ಇವ್ರು ಆಸ್ಪತ್ರೆಯವ್ರೋ ಬೇಟೆ ನಾಯಿಗಳೋ" ಎಂದು ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ನಗಲಿ. ಯಾರ ಕಾಲಿಗೆ ಎಣ್ಣೆ ಬಿದ್ದಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಅವರು ನಿವೃತ್ತರಾದ ಮೇಲೆ ಅಚ್ಚು ಹಾಕಿದ ರಿಜಿಸ್ಟರ್ ಬಂತು. ಮನೆ ಯಜಮಾನನ ಹೆಸರು, ಮನೆಯಲ್ಲಿ ಎಷ್ಟು ಜನ, ಎಣ್ಣೆ ಕೊಟ್ಟಿದೆಯೇ, ಹಚ್ಚುತ್ತಾರೆಯೇ. ಕೊನೆಯದಕ್ಕೆ ತಲೆಗೊಂದು ಸರಿ ಗುರುತು. ಹೊಸ ಸಾಹೇಬರು ಒಳ್ಳೆಯವರು. ಮೂಸಬೇಡ ಎಂದು ಅವರು ಎಂದೂ ಹೇಳಲಿಲ್ಲ. ನಾನೇ ಬಿಟ್ಟೆ. ವಯಸ್ಸಾಗಿತ್ತು, ಬಗ್ಗುವುದಕ್ಕೆ ನಾಚಿಕೆ. ಗುರುತು ಹಾಕುವುದು ಸುಲಭವಾಗಿತ್ತು.

ಇಷ್ಟು ಹೇಳಿ ಈಗ ನವ್ಯಾಳ ಕಥೆಗೆ ಬರುತ್ತೇನೆ. ಇವಳು ನನ್ನ ಮಗಳ ಮಗಳು. ನರ್ಸಿಂಗ್ ಕೊನೆಯ ವರ್ಷ. ತರಬೇತಿಗೆ ಹೊಸನಗರ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಹಾಕಿದ್ದರು. ತರಬೇತಿಯ ಜೊತೆಗೆ ಒಂದು ಪ್ರಾಜೆಕ್ಟ್ ಮಾಡಬೇಕು. ಪ್ರಾಜೆಕ್ಟಿಗೆ ಮೊದಲು ಒಂದು ಪ್ರಶ್ನೆ ಬೇಕು. ಪ್ರಶ್ನೆಯನ್ನು ಅವಳ ಮೇಡಂ ಒಪ್ಪಿದರೆ ಮುಂದಿನ ಕೆಲಸ. ಒಪ್ಪದಿದ್ದರೆ ಮುಂದಿನ ಬ್ಯಾಚಿನ ಜೊತೆ ಇನ್ನೊಮ್ಮೆ ಕೂರಬೇಕು.

ಅವಳು ಮೊದಲು ಬರೆದದ್ದು, "ಮಲೆನಾಡಿನಲ್ಲಿ ಮಂಗನ ಕಾಯಿಲೆ ಯಾಕೆ ಹೋಗುತ್ತಿಲ್ಲ?" ಮೇಡಂ, "ಇದಕ್ಕೆ ನಿಂಗೆ ಏಳು ಜನ್ಮ ಬೇಕು, ಇರೋದು ಮೂರು ತಿಂಗಳು" ಎಂದು ವಾಪಸು ಕೊಟ್ಟರು. ಎರಡನೆಯದು, "ಮಂಗನ ಕಾಯಿಲೆ ಬಗ್ಗೆ ಜನರಿಗೆ ತಿಳುವಳಿಕೆ ಇದೆಯೇ?" ಅದಕ್ಕೆ ಮೇಡಂ, "ಎಲ್ರೂ ಇದೆ ಅಂತಾರೆ. ಆಮೇಲೆ ಎಂತ ಮಾಡ್ತೀಯ?" ಎಂದರಂತೆ. ಬರುವ ಶನಿವಾರದೊಳಗೆ ಮೂರನೆಯದು ಬೇಕು, ಅದೇ ಕೊನೆ. ಸೋಮವಾರ ನವ್ಯಾ ರಜೆ ಹಾಕಿ ಸಾಗರಕ್ಕೆ, ನಮ್ಮ ಮನೆಗೆ ಬಂದಳು.

"ಅಜ್ಜ, ನೀನು ಮೂವತ್ತು ವರ್ಷ ಇದ್ರಲ್ಲೇ ಇದ್ಯಲ್ಲ. ಒಂದು ಪ್ರಶ್ನೆ ಹೇಳು."

ಪ್ರಶ್ನೆ ನನ್ನ ಹತ್ತಿರ ಇತ್ತು. ಎಷ್ಟೋ ವರ್ಷದಿಂದ ಎದೆಯಲ್ಲಿ ಮುಳ್ಳಿನಂತೆ ಇತ್ತು. ಆದರೆ ಅದನ್ನು ಹೇಳಿದರೆ ಈ ಹುಡುಗಿ, ಉಣುಗು ಏಳುವ ಈ ಕಾಲದಲ್ಲಿ, ಕಾಡಂಚಿನ ಕೊಟ್ಟಿಗೆ ಕೊಟ್ಟಿಗೆ ತಿರುಗುತ್ತಾಳೆ. ಅವಳ ಕಿವಿಯ ಹಿಂದೆ ಒಂದು ಎಳ್ಳಿನ ಕಾಳು ಕೂತರೆ? ನನಗೆ ಕಿವಿ ಮಡಚಿ ನೋಡಲು ವಾಮನರಾಯರು ಇದ್ದರು. ಇವಳಿಗೆ ಯಾರಿದ್ದಾರೆ? ಇನ್ನೊಂದು ಹೆದರಿಕೆಯೂ ಇತ್ತು, ಅದು ಸ್ವಲ್ಪ ಹೊಲಸು. ಆ ಪ್ರಶ್ನೆ ಹೇಳಿದರೆ ನನ್ನ ತಪ್ಪೂ ಹೇಳಬೇಕು. ಅಜ್ಜ ಎಂದರೆ ಕಾಡಿನ ಹುಲಿ ಎಂದು ನಂಬಿದ ಹುಡುಗಿ ಅದು.

"ಬಿಪಿ ಮೇಲೆ ಮಾಡು ಪುಟ್ಟಿ" ಎಂದೆ. "ಆಸ್ಪತ್ರೆಲಿ ಫ್ಯಾನ್ ಕೆಳಗೆ ಕೂತು ನೋಡಬಹುದು."

"ಬಿಪಿ ನಮ್ಮ ಕ್ಲಾಸಲ್ಲಿ ಆರು ಜನ ಮಾಡ್ತಿದಾರೆ."

"ಹಂಗಾದ್ರೆ ಸಕ್ಕರೆ ಕಾಯಿಲೆ."

"ಅದು ಒಂಬತ್ತು ಜನ. ಅಜ್ಜ, ನೀನೆಂತ ನನ್ನ ಹತ್ರ ತಪ್ಪಿಸ್ಕಣ್ತಿದೀಯ?"

"ನಂಗೆಂತ ಗೊತ್ತು ಮಾರಾಯ್ತಿ? ನಾನು ಬಟ್ಟೆ ಎಳೆಯೋನು."

ಮೂರು ದಿನ ಹೀಗೆ ಸುಳ್ಳು ಹೇಳಿದೆ. ಅವಳು ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು. ನೋಟ್‌ಬುಕ್ಕಿನ ಹಾಳೆ ತುಂಬ ಅಡ್ಡಗೆರೆ. ಬುಧವಾರ ಊಟಕ್ಕೆ ಕರೆದರೆ, "ಹಸಿವಿಲ್ಲ" ಎಂದಳು. ಗುರುವಾರ ಮಧ್ಯಾಹ್ನ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತು, ಪೆನ್ನು ಕೆಳಗಿಟ್ಟು ಕೇಳಿದಳು.

"ಪ್ರಾಜೆಕ್ಟ್ ಹಾಳಾಗ್ಲಿ ಅಜ್ಜ. ನಂಗೆ ಸುಮ್ನೆ ಹೇಳು. ಅಷ್ಟು ವರ್ಷದಲ್ಲಿ, ಕೇಳ್ಬೇಕಿತ್ತು, ಕೇಳ್ದೇ ಬಿಟ್ಟೆ ಅಂತ ನಿಂಗೆ ಯಾವ್ದಾದ್ರೂ ಇತ್ತಾ?"

ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ವಾಮನರಾಯರ ಶಿಷ್ಯನಾಗಿದ್ದ ನನಗೆ ಆ ದನಿಯ ಮುಂದೆ ಇಲ್ಲ ಎನ್ನಲು ಆಗಲಿಲ್ಲ.

ಹೇಳಿದೆ. ಹೊಸನಗರದಿಂದ ಹುಲಿಕಲ್ ಕಡೆ ಹೋಗುವಾಗ ಕಾಡಿಗೆ ತಾಗಿಕೊಂಡು ಎಂಟು ಮನೆಯ ಒಂದು ಕೇರಿ. ಅಲ್ಲಿ ಮಂಜಪ್ಪ ಎಂಬವರ ಮನೆ. ರಿಜಿಸ್ಟರ್ ಬಂದ ಮೇಲಿನ ಒಂದು ವರ್ಷ, ಸಂಕ್ರಾಂತಿ ಕಳೆದ ಮೇಲೆ ಎಣ್ಣೆ ಬಾಟಲಿ ಹಿಡಿದುಕೊಂಡು ಹೋದೆ. ಮಂಜಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. ಗಂಡಸರು ಗುಡ್ಡಕ್ಕೆ ಹೋಗಿ ದರಗು, ಅಂದರೆ ಒಣ ಎಲೆ, ಗುಡಿಸಿ ತರುವ ಕಾಲ ಅದು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಲು ಬೇಕಲ್ಲ.

"ಎಲ್ಲ ಹಚ್ಕಣ್ತೀರಾ?" ಎಂದೆ.

"ಎಲ್ಲ ಹಚ್ಕಣ್ತೀವಿ ಮಾರಾಯ್ರೆ. ಘಮಘಮ ಅಂತಿರ್ತೀವಿ, ಹತ್ರ ಬಂದು ನೋಡಿ" ಎಂದು ಅವರು ನಕ್ಕರು.

ಮನೆಯಲ್ಲಿ ಐದು ಜನ. ಐದು ಗುರುತು ಹಾಕಿದೆ. ಆಗ ಬಾಗಿಲಲ್ಲಿ ಮಂಜಪ್ಪನವರ ಹೆಂಡತಿ ಗಿರಿಜಮ್ಮ ದರಗಿನ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದರು. ಬರಿಗಾಲು. ನನ್ನನ್ನು ನೋಡಿ ಏನೋ ಹೇಳುವವರಂತೆ ತುಟಿ ಅಲುಗಿಸಿದರು. ಆಮೇಲೆ ಬುಟ್ಟಿ ಇಳಿಸಿ, ಒಳಗೆ ಹೋಗಿ, ಮಜ್ಜಿಗೆ ತಂದು ಕೊಟ್ಟರು. ಕುಡಿದು, "ಬರ್ತೀನಮ್ಮ" ಎಂದು ಹೊರಟೆ. ಕಾಲು ಮೂಸುವುದು ಹಾಗಿರಲಿ, ನಿಮ್ಮ ಕಾಲಿಗೆ ಹಚ್ಚಿದ್ದೀರಾ ಎಂದು ಅವರನ್ನು ಒಂದು ಮಾತು ಕೇಳಲಿಲ್ಲ.

ಎರಡು ವಾರದ ಮೇಲೆ ಆ ಮನೆಯಲ್ಲಿ ಜ್ವರ. ಗುಡ್ಡಕ್ಕೆ ಹೋದ ಗಂಡಸರಿಗೆ ಬರಲಿಲ್ಲ, ಗಿರಿಜಮ್ಮನಿಗೆ ಬಂತು. ನೋಡಲು ಹೋದವನು ನಾನೇ. "ಕಾಡಿಗೆ ಹೋಗಿದ್ರಾ?" ಎಂದು ಕೇಳಿದೆ. "ಇಲ್ಲಪ್ಪ, ನಾನು ಮನೆ ಬಿಟ್ಟು ಹೋಗ್ಲಿಲ್ಲ" ಎಂದರು. ನಿಜವೇ ಹೇಳಿದರು. ಎಣ್ಣೆಯ ಕಾಲಮಿನಲ್ಲಿ ಗುರುತು ಇತ್ತು. ಕಾಡಿಗೆ ಹೋಗಿಲ್ಲ, ಎಣ್ಣೆ ಹಚ್ಚಿದ್ದಾರೆ, ಹಾಗಾದರೆ ಬರೀ ಜ್ವರ ಇರಬೇಕು ಎಂದು ಮಾತ್ರೆ ಕೊಟ್ಟು ಬಂದೆ. ಕಾಡು ಬುಟ್ಟಿಯಲ್ಲಿ ಕೂತು ಅವರ ಕೊಟ್ಟಿಗೆಗೆ ಬಂದಿತ್ತು ಎಂಬುದು ನನಗೆ ಹೊಳೆಯಲಿಲ್ಲ. ನಾಲ್ಕನೇ ದಿನ ಮೂಗಿನಲ್ಲಿ ರಕ್ತ ಬಂತು. ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ದರು. ಗಿರಿಜಮ್ಮ ವಾಪಸು ಬರಲಿಲ್ಲ.

ಆಮೇಲೆ ಆ ಮನೆಗೆ ಹೋದೆ. ಕೊಟ್ಟಿಗೆಯ ಗೂಡಿನಲ್ಲಿ ನಾನು ಕೊಟ್ಟ ಬಾಟಲಿ ಅರ್ಧ ಖಾಲಿಯಾಗಿ ಕೂತಿತ್ತು. ಮಂಜಪ್ಪ ನನ್ನ ಮುಖ ನೋಡದೆ ಹೇಳಿದರು. "ನಮ್ಗೆಲ್ಲ ಅವ್ಳೇ ಹಚ್ಚಿ ಕಳಿಸ್ತಿದ್ಲು. ನನ್ನ ಬೆನ್ನು, ಮಕ್ಕಳ ಕಾಲು, ಎಲ್ಲ. ಹಚ್ಚಿ ಆದ್ಮೇಲೆ ಸೋಪು ಹಾಕಿ ಕೈ ತಿಕ್ಕಿ ತೊಳ್ಕಣ್ತಿದ್ಲು. ಆ ವಾಸ್ನೆಗೆ ಎಮ್ಮೆ ಹತ್ರ ಸೇರಿಸ್ತಿರ್ಲಿಲ್ಲ, ಒದೀತಿತ್ತು. ಹಾಲು ಕರೆಯೋಳು ಹೆಂಗೆ ಹಚ್ಕಣ್ತಾಳೆ ಹೇಳಿ?"

ಅಂದು ಬಾಗಿಲಲ್ಲಿ ಅವರು ಹೇಳಲು ಹೊರಟಿದ್ದು ಇದನ್ನೇ ಇರಬೇಕು. ನಾನು ಕೇಳಿದ್ದರೆ ಹೇಳುತ್ತಿದ್ದರು. ಹಾಲು ಕರೆದ ಮೇಲೆ ಹಚ್ಚಿಕೊಳ್ಳಿ ಅಮ್ಮ, ಆಮೇಲೆ ದರಗು ಮುಟ್ಟಿ ಎಂದು ನಾನು ಹೇಳಬಹುದಿತ್ತು. ಅಷ್ಟೇ ಮಾತು. ಕಚೇರಿಗೆ ಹೋಗಿ ರಿಜಿಸ್ಟರ್ ತೆಗೆದು ನೋಡಿದೆ. ಐದು ಗುರುತು ಹಾಗೇ ಇದ್ದವು. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ನಾನು ನವ್ಯಾಳ ಮುಖ ನೋಡಲಿಲ್ಲ. ಅವಳು ಎದ್ದು ಒಳಗೆ ಹೋದಳು. ಮುಗಿಯಿತು, ಇನ್ನು ಈ ಹುಡುಗಿ ನನ್ನನ್ನು ಅಜ್ಜ ಎಂದು ಕರೆಯುವುದಿಲ್ಲ ಎಂದುಕೊಂಡೆ. ಅವಳು ಎರಡು ಲೋಟ ಕಾಫಿ ಹಿಡಿದು ಬಂದಳು. ಒಂದನ್ನು ನನ್ನ ಕೈಗೆ ಕೊಟ್ಟು, ಪೆನ್ನು ಎತ್ತಿಕೊಂಡಳು.

"ಜನ ಎಣ್ಣೆ ಯಾಕೆ ಹಚ್ಚೂದಿಲ್ಲ? ಹಿಂಗೆ ಬರೆಯಲಾ?"

"ಜನ ಅಂದ್ರೆ ಯಾರು? ಆ ಮನೇಲಿ ನಾಲ್ಕು ಜನ ಹಚ್ಚಿದ್ರು" ಎಂದೆ.

"ಹೆಂಗಸರು?"

"ಎಲ್ಲ ಹೆಂಗಸರಾ? ಪೇಟೆಲಿರೋ ನಿಮ್ಮಮ್ಮನ್ನೂ ಕೇಳ್ತೀಯಾ?"

"ಕೊಟ್ಟಿಗೆಗೆ ದರಗು ಹಾಸೋರು. ಎಣ್ಣೆ ಕೊಟ್ಟಿರೋ ಮನೆಯವ್ರು." ಅವಳು ಬರೆದುಕೊಂಡಳು. "ಹಚ್ಕಣ್ತೀರಾ ಅಂತ ಕೇಳ್ಲಾ?"

"ಹಂಗೆ ಕೇಳಿದ್ರೆ ಮಂಜಪ್ಪನ ಉತ್ರ ಬರ್ತದೆ. ಇವತ್ತು ಬೆಳಗ್ಗೆ ಹಚ್ಕಂಡ್ರಾ ಅಂತ ಕೇಳು. ಮನೆ ಯಜಮಾನನ್ನ ಕೇಳ್ಬೇಡ. ಹಾಸೋರನ್ನೇ ಕೇಳು."

ಸಂಜೆಯವರೆಗೆ ಕೂತೆವು. ಅವಳು ಕತ್ತರಿಸಿದಳು, ನಾನು ಕೊಂಕು ತೆಗೆದೆ. ಕೊನೆಗೆ ನಿಂತದ್ದು ಇದು. ಎಣ್ಣೆ ಕೊಟ್ಟಿರುವ ಕಾಡಂಚಿನ ಮನೆಗಳಲ್ಲಿ, ಕೊಟ್ಟಿಗೆಗೆ ದರಗು ಹಾಸುವ ಹೆಂಗಸರಲ್ಲಿ ಎಷ್ಟು ಜನ ಆ ದಿನ ಎಲೆ ಮುಟ್ಟುವ ಮೊದಲು ಎಣ್ಣೆ ಹಚ್ಚಿಕೊಂಡಿದ್ದರು, ಹಚ್ಚಿಕೊಳ್ಳದವರನ್ನು ತಡೆದದ್ದು ಏನು? ನಾಲ್ಕು ಸಾಲಾಯಿತು. ಮಲೆನಾಡೆಲ್ಲ ಹೋಗಿ ಒಂದು ಕೊಟ್ಟಿಗೆಯ ಬಾಗಿಲಾಯಿತು. ಮೂರು ತಿಂಗಳಲ್ಲಿ ಒಬ್ಬ ಹುಡುಗಿ ನಡೆದು ಮುಗಿಸಬಹುದು.

ಶನಿವಾರ ಮೇಡಂ ಓದಿ, "ಇದು ಯಾರು ಹೇಳಿಕೊಟ್ಟಿದ್ದು?" ಎಂದರಂತೆ. "ನಮ್ಮಜ್ಜ" ಎಂದಳಂತೆ. "ಡಾಕ್ಟ್ರಾ?" "ಅಲ್ಲ ಮೇಡಂ, ಉಣುಗು ಹಿಡೀತಿದ್ರು." ಮೇಡಂ ಸಹಿ ಹಾಕಿ, ಕೆಳಗೆ ಒಂದು ಮಾತು ಸೇರಿಸಿದರಂತೆ. ಇಲ್ಲ ಎಂದವರನ್ನು ಬರೆದುಕೊಂಡು ಸುಮ್ಮನೆ ಬರಬಾರದು, ಆ ಮನೆಯಿಂದ ಏಳುವ ಮೊದಲು ಅವರಿಗೆ ದಾರಿ ಹೇಳಿ ಬರಬೇಕು ಎಂದು. ಆ ಮೇಡಂಗೆ ನಾನು ಮನಸಿನಲ್ಲೇ ಕೈ ಮುಗಿದೆ. ಡೈರಿಯಲ್ಲಿ ಕೂಗಿದ್ದು ಆ ದಿನವೇ.

ಸಂತೋಷ ಆ ದಿನ, ಮಾರನೇ ದಿನದಿಂದ ಹೆದರಿಕೆ. ಪ್ರಶ್ನೆ ಸರಿಯಾಗಿ ಕೂತಿದೆಯೋ ಎಂದು ಮೊದಲು ನಾಲ್ಕೈದು ಮನೆಯಲ್ಲಿ ಕೇಳಿ ನೋಡಬೇಕಂತೆ. "ನಾನೂ ಬರ್ತೀನಿ" ಎಂದೆ. "ನಿಂಗೆ ಮಂಡಿ ನೋವು" ಎಂದಳು. "ಮಂಡಿ ನನ್ನದು" ಎಂದೆ. ಬಸ್ಸಿಳಿದು ಅವಳ ಆರೋಗ್ಯ ಕೇಂದ್ರದ ಕಡೆಯ ಒಂದು ಕೇರಿಗೆ ಹೋಗುವ ಮಣ್ಣುದಾರಿಯ ಬಾಯಲ್ಲಿ ಒಂದು ಬಂಡೆ ಇತ್ತು. ದಾರಿಯ ಎರಡೂ ಕಡೆ ಒಣ ಎಲೆ ಪಾದ ಮುಳುಗುವಷ್ಟು ಬಿದ್ದಿತ್ತು. ಅವಳನ್ನು ಬಂಡೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದೆ. ಪಾದ, ಬೆರಳ ಸಂದಿ, ಮೊಣಕಾಲವರೆಗೆ, ಕೈ, ಕುತ್ತಿಗೆಯ ಹಿಂದೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತೂರಿಸಿದೆ. ಕಿವಿ ಮಡಚಿ ನೋಡಿದೆ. ಇನ್ನೊಮ್ಮೆ ಹಚ್ಚಿದೆ.

"ಸಾಕು ಅಜ್ಜ, ನನ್ನ ಬಜ್ಜಿ ಕರೀತೀಯಾ?" ಎಂದು ನಕ್ಕಳು. ಆಮೇಲೆ ನೋಟ್‌ಬುಕ್ ತೆಗೆದು, ಗಂಭೀರವಾಗಿ, "ನಿನ್ನನ್ನೇ ಮೊದಲು ಕೇಳಿ ನೋಡ್ತೀನಿ. ಇವತ್ತು ಬೆಳಗ್ಗೆ, ಎಲೆ ತುಳಿಯೋ ಮುಂಚೆ, ನಿಮ್ಮ ಕಾಲಿಗೆ ಎಣ್ಣೆ ಹಚ್ಕಂಡ್ರಾ?" ಎಂದಳು.

ನನ್ನ ಕಾಲು ನೋಡಿದೆ. ಪಂಚೆ ಎತ್ತಿ ಕಟ್ಟಿದ್ದೆ. ಚಪ್ಪಲಿಯ ಮೇಲೆ ಬರೀ ಕಾಲು. ಅವಳಿಗೆ ಹಚ್ಚುವಾಗ ದಾರಿಯ ಅಂಚಿನ ಎಲೆಯ ಮೇಲೇ ಮಂಡಿಯೂರಿ ಕೂತಿದ್ದೆ. ಬಾಟಲಿ ಹೊತ್ತು ತಂದವನು, ಐದು ಸಾಮಾನು ಮರೆಯದವನು, ನನ್ನ ಕಾಲಿಗೆ ಒಂದು ಹನಿ ಬಿದ್ದಿರಲಿಲ್ಲ.

"ಇಲ್ಲ" ಎಂದೆ.

"ಏನು ತಡೀತು?"

"ನಿಂಗೆ ಹಚ್ತಿದ್ನಲ್ಲೇ..."

ಹೇಳುತ್ತಿದ್ದಂತೆ ಗಂಡನ ಬೆನ್ನು, ಮಕ್ಕಳ ಕಾಲು ಎಂದು ಮಂಜಪ್ಪ ಎಣಿಸಿದ್ದು ನೆನಪಾಯಿತು. ಎಮ್ಮೆ ಒದೆಯುತ್ತಿತ್ತು ಎಂಬುದು ನಿಜ. ಅದರ ಹಿಂದೆ ಇದೂ ಇತ್ತು. ಎಲ್ಲರನ್ನೂ ಕೂರಿಸಿ ಹಚ್ಚಿದವರನ್ನು ಕೂರಿಸಿ ಹಚ್ಚುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ನವ್ಯಾ ಬರೆದುಕೊಂಡಳು. ನಂತರ ಪುಸ್ತಕ ಮುಚ್ಚಿ, ನನ್ನನ್ನು ಬಂಡೆಯ ಮೇಲೆ ಕೂರಿಸಿ, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪಾದ, ಬೆರಳ ಸಂದಿ, ಮಂಡಿಯವರೆಗೂ ಹುಡುಕಿ ನೋಡಿದಳು. ಏನೂ ಸಿಗಲಿಲ್ಲ. ಆಮೇಲೆ ಎಣ್ಣೆ ಹಚ್ಚಿದಳು.

ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ದರಗಿನ ಬುಟ್ಟಿ ಇಳಿಸುತ್ತಿದ್ದಳು. ನವ್ಯಾ ತಾನು ಯಾರು, ಯಾಕೆ ಬಂದೆ, ಇಷ್ಟವಿದ್ದರೆ ಮಾತ್ರ ಉತ್ತರ ಹೇಳಿ ಎಂದೆಲ್ಲ ಚೆನ್ನಾಗಿ ಹೇಳಿ, ಪ್ರಶ್ನೆ ಕೇಳಿದಳು. ಆಕೆ ಒಮ್ಮೆ ಬಾಟಲಿ ಇದ್ದ ಗೂಡಿನ ಕಡೆ, ಒಮ್ಮೆ ನಮ್ಮ ಕಡೆ ನೋಡಿ ಏನೋ ಹೇಳುವವಳಂತೆ ತುಟಿ ಅಲುಗಿಸಿದಳು. ಗಿರಿಜಮ್ಮನ ಬಾಗಿಲಲ್ಲಿ ನಾನು ಕಂಡದ್ದೂ ಇದನ್ನೇ. ತಡೆಯಲಾಗಲಿಲ್ಲ.

"ನಾನೂ ಇವತ್ತು ಹಚ್ಕಂಡಿರ್ಲಿಲ್ಲ ತಂಗಿ" ಎಂದುಬಿಟ್ಟೆ. "ಇವಳು ಈಗ ಆ ಬಂಡೆ ಹತ್ರ ಕೂರ್ಸಿ ಹಚ್ಚಿದ್ಲು."

ಆಕೆ ನಕ್ಕಳು. "ಅಯ್ಯ, ಹಂಗಾರೆ ನಾನೂ ಹೇಳ್ತೀನಿ. ನಾನು ಒಂದಿನಾನೂ ಹಚ್ಚಿಲ್ಲ ಅಜ್ಜಯ್ಯ. ಇವ್ರಿಗೆಲ್ಲ ಹಚ್ಚಿ ಕಳ್ಸೋದ್ರೊಳಗೆ ಸಾಕಾಗ್ತದೆ."

"ಅಜ್ಜ!" ನವ್ಯಾ ನನ್ನನ್ನು ಕಣ್ಣು ಬಿಟ್ಟು ನೋಡಿದಳು. "ಕೇಳೋ ಹೊತ್ತಲ್ಲಿ ನೀನು ನಡುವೆ ಹೇಳ್ಬಾರ್ದು. ಉತ್ರ ನಿನ್ನ ಕಡೆ ವಾಲ್ತದೆ. ಈ ಮನೆ ಲೆಕ್ಕಕ್ಕೆ ಸೇರ್ಸೋ ಹಂಗಿಲ್ಲ ಇನ್ನು." ನೋಟ್‌ಬುಕ್ಕಿನಲ್ಲಿ ಆ ಮನೆಯ ಮೇಲೆ ಒಂದು ಅಡ್ಡಗೆರೆ ಎಳೆದಳು. ನನ್ನನ್ನು ಆಗಲೇ ಬೇಲಿಯ ಹೊರಗೆ ಕಳಿಸಿದಳು, ಮುಂದಿನ ಮನೆಗಳಿಗೂ ಒಳಗೆ ಬಿಡಲಿಲ್ಲ. ಹೊರಗೇ ನಿಂತೆ.

ಅದಾಗಿ ಇವತ್ತಿಗೆ ಆರು ದಿನ. ದಿನಾ ಬೆಳಗ್ಗೆ ಫೋನ್ ಬರುತ್ತದೆ. "ಕಣ್ಣು ಕೆಂಪಗಿದ್ಯಾ? ತಲೆನೋವು? ಮೈಕೈ ನೋವು?" ಕನ್ನಡಿಯ ಮುಂದೆ ನಿಂತು ನೋಡಿ ಹೇಳಬೇಕು, ಹಾಸಿಗೆಯಿಂದ ಹೇಳಿದರೆ ಒಪ್ಪುವುದಿಲ್ಲ. ನಾನೂ ಅವಳನ್ನು ಅದನ್ನೇ ಕೇಳುತ್ತೇನೆ. ಇನ್ನೆರಡು ದಿನ ಇದೆ.

ಹೊಸದಾಗಿ ಬರುವ ಮಕ್ಕಳೇ, ನಾನು ಹಾಕಿದ ಐದು ಗುರುತುಗಳು ಎಲ್ಲೋ ಒಂದು ಬೀರುವಿನಲ್ಲಿ ಇನ್ನೂ ಸರಿಯಾಗಿಯೇ ಇರುತ್ತವೆ. ನವ್ಯಾ ಹೊಡೆದು ಹಾಕಿದ ಆ ಮನೆ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಆದರೆ ಅವತ್ತು ನಾವು ಹೊರಡುವ ಮೊದಲು ಆ ತಂಗಿ ಬುಟ್ಟಿಯನ್ನು ಬದಿಗೆ ಸರಿಸಿ, ನಾಚಿಕೊಂಡು, ಜಗಲಿಯ ಮೇಲೆ ಕೂತಳು. ನವ್ಯಾ ಅವಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೇಲಿಯವರೆಗೂ ಎಣ್ಣೆಯ ಘಾಟು ಬಂತು. ನಾನು ಅಲ್ಲಿಂದಲೇ ಮೂಸಿದೆ.